ಡಬ್ಬಿ ಅವಲಕ್ಕಿಯ ಎಲೆ

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿಬಿದ್ದು ಪೂವಮ್ಮನ ಬಲಗೈ ಮುರಿದ ಮೇಲೆ ಅಡುಗೆಮನೆ ಸೊಸೆ ಭವಿತಾಳ ಕೈಗೆ ಬಂತು. ಬಾಯಿ ಮಾತ್ರ ಪೂವಮ್ಮನದ್ದೇ ಉಳಿಯಿತು. ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲೆ ಮಲಗಿಸಿ, ಕುಳಿತಲ್ಲಿಂದಲೇ ಅವಳು ಒಲೆ ಕಾಯುತ್ತಿದ್ದಳು.

"ಕಾಯಿ ಅಷ್ಟು ನುಣ್ಣಗೆ ಮಾಡ್ಬೇಡ. ಚಟ್ನಿಯಾ ಗಂಧವಾ ಅದು?"

"ಮಿಕ್ಸಿಯಲ್ಲಿ ಹಾಗೇ ಆಗುದು ಅತ್ತೆ."

"ಮಿಕ್ಸಿಗೆ ಬಟನ್ ಉಂಟಲ್ಲ, ಆಫ್ ಮಾಡ್ಲಿಕ್ಕೆ."

ಭವಿತಾ ಮಿಕ್ಸಿ ಆಫ್ ಮಾಡಿದಳು. ಅವಳಿಗೆ ಸುಳ್ಯದ ಬಸ್ಸು ಹಿಡಿಯಬೇಕು; ಅಲ್ಲಿ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆಯ ಕೆಲಸ. ಕಲ್ಲುಗುಂಡಿಯಲ್ಲಿ ಮಡಿಕೇರಿ ರಸ್ತೆಗೆ ತಾಗಿಯೇ ಮನೆ, ಮನೆಯೆದುರು ಗಂಡ ಹರಿಪ್ರಸಾದನ ಪಂಕ್ಚರ್ ಅಂಗಡಿ. ಮಾವ ಜತ್ತಪ್ಪ ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಬೆಳಗಾದರೆ ಅಂಗಡಿಯ ಬೆಂಚಿನಲ್ಲಿ ಕುಳಿತು, ಟಯರ್ ಬಿಚ್ಚಿಸಲು ಬಂದವರಿಗೆ ಕೇಳದ ಬುದ್ಧಿ ಹೇಳುತ್ತಿದ್ದ.

ದೋಸೆ ಹೊಯ್ಯಲು ಪುರುಸೊತ್ತಿಲ್ಲದ ದಿನ ಭವಿತಾ ಮಗಳು ಯಶಸ್ವಿಗೆ ಕಾರ್ನ್ ಫ್ಲೇಕ್ಸ್, ಪೂವಮ್ಮನ ಬಾಯಲ್ಲಿ ಡಬ್ಬಿ ಅವಲಕ್ಕಿ, ಹಾಕಿಕೊಡುತ್ತಿದ್ದಳು. ಬೇರೆ ಮನೆಯಾಗಿದ್ದರೆ ಅಜ್ಜಿ ಮುಖ ಸಿಂಡರಿಸುತ್ತಿದ್ದಳೇನೋ. ಪೂವಮ್ಮ ಕುರ್ಚಿ ಎಳೆದುಕೊಂಡು ಮೊಮ್ಮಗಳ ಎದುರಿಗೇ ಕೂರುತ್ತಿದ್ದಳು.

"ತಿನ್ನು ಮಗಾ. ನಿನ್ನ ಚಿಕ್ಕಪ್ಪನಿಗೆ ಡಬ್ಬಿ ಅವಲಕ್ಕಿ ಅಂದ್ರೆ ಪ್ರಾಣ."

"ಗೊತ್ತುಂಟು ಅಜ್ಜಿ. ದಿನಾ ಹೇಳ್ತೀರಿ."

"ದಿನಾ ತಿಂತಿಯಲ್ಲ, ಅದಕ್ಕೆ ದಿನಾ ಹೇಳುದು."

ಯಶಸ್ವಿ ಆ ಚಿಕ್ಕಪ್ಪನನ್ನು ಕಂಡದ್ದು ಗೋಡೆಯ ಫೋಟೋದಲ್ಲಿ ಮಾತ್ರ. ಹೆಸರು ರಕ್ಷಿತ್, ಹರಿಪ್ರಸಾದನ ತಮ್ಮ. ಒಂದು ಮಳೆಗಾಲದಲ್ಲಿ ಜ್ವರ ಬಂದು, ಬಿಟ್ಟು, ಮತ್ತೆ ಬಂದು, ಕೊನೆಗೆ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡವನು. ಆಗ ಅವನಿಗೆ ಒಂಬತ್ತು ವರ್ಷ. ಈಗ ಯಶಸ್ವಿಗೂ ಒಂಬತ್ತು.

ಸತ್ತವರಿಗೆ ಆಟಿಯಲ್ಲಿ, ಅಂದರೆ ಆಷಾಢದ ಮಳೆ ತಿಂಗಳಲ್ಲಿ, ಬಡಿಸುವುದು ಆ ಕಡೆಯ ಕ್ರಮ. ಚಾವಡಿಯಲ್ಲಿ ಸಾಲಾಗಿ ಬಾಳೆಎಲೆ ಹಾಕಿ, ಬದುಕಿದ್ದಾಗ ಯಾರಿಗೆ ಏನು ಇಷ್ಟವಿತ್ತೋ ಅದನ್ನು ಅವರವರ ಎಲೆಗೆ ಇಡಬೇಕು. ಜತ್ತಪ್ಪನ ಅಪ್ಪನ ಎಲೆಗೆ ಕೋಳಿ ಸುಕ್ಕ, ಪಕ್ಕದಲ್ಲಿ ಒಂದು ಸಣ್ಣ ಕುಪ್ಪಿ. ಅವನ ಅಮ್ಮನ ಎಲೆಗೆ ಒಣಮೀನಿನ ಚಟ್ನಿ, ಎಲೆಅಡಿಕೆ. ತುದಿಯಲ್ಲಿ ಒಂದು ಸಣ್ಣ ಎಲೆ. ಅದರ ಮೇಲೆ ಸ್ಟೀಲ್ ಬಟ್ಟಲಿನಲ್ಲಿ ಹಾಲು ಹಾಕಿದ ಕಾರ್ನ್ ಫ್ಲೇಕ್ಸ್. ಮಗ ತೀರಿಕೊಂಡ ಮರುವರ್ಷದಿಂದ ಪೂವಮ್ಮ ಇದನ್ನು ತಪ್ಪಿಸಿದವಳಲ್ಲ. ಮೊದಮೊದಲು ಅದೊಂದು ಡಬ್ಬಿಗಾಗಿ ಜತ್ತಪ್ಪ ಮಂಗಳೂರಿನ ಅಂಗಡಿಗೆ ಹೋಗಬೇಕಿತ್ತು. ಈಗ ಅದು ಕಲ್ಲುಗುಂಡಿಯ ಪೇಟೆಯಲ್ಲೇ ಸಿಗುತ್ತದೆ.

ಆಟಿ ಹಿಡಿದು ಕೆಲವು ದಿನಗಳಾಗಿದ್ದವು. ಟ್ಯೂಬು ತರಲು ಪುತ್ತೂರಿಗೆ ಹೋಗಿದ್ದ ಹರಿಪ್ರಸಾದ್ ಸಂಜೆ ಚಹಾದ ಹೊತ್ತಿಗೆ ಬಂದ. ರೈನ್‌ಕೋಟು ಬಿಚ್ಚುವ ಮೊದಲೇ ಅಂಗಿಯ ಜೇಬಿನಿಂದ ಒಂದು ಪ್ಲಾಸ್ಟಿಕ್ ತೊಟ್ಟೆ ತೆಗೆದು ಚಾವಡಿಯ ಮೇಜಿನ ಮೇಲೆ ಸುರಿದ.

"ಎಂತ ಅದು? ಪ್ಯಾಚಾ?" ಜತ್ತಪ್ಪ ಕೇಳಿದ.

"ಕನ್ನಡಕ ಹಾಕಿ ನೋಡಿ ಅಪ್ಪ. ಇಂಥದ್ದೇ ನೀವು ತರ್ತಿದ್ದದ್ದು, ಆಗ."

ಅಂಗೈಯಗಲದ ಕಾರ್ಡುಗಳು. ಜೀಬ್ರಾ, ಪೆಂಗ್ವಿನ್, ಹಿಮಕರಡಿ, ಚೀತಾ. ಹಿಂಬದಿಯಲ್ಲಿ ಎತ್ತರ, ತೂಕ, ಓಟದ ವೇಗ. ಒಂದು ಕಾಲದಲ್ಲಿ ಕಾರ್ನ್ ಫ್ಲೇಕ್ಸ್ ಡಬ್ಬಿಯ ಒಳಗೆ ಒಂದೊಂದು ಸಿಗುತ್ತಿತ್ತು. ಪುತ್ತೂರಿನಲ್ಲಿ ಮೊಬೈಲ್ ಅಂಗಡಿಯ ಹಕೀಮ್ ಎಂಬವನು ಹಳೆಯ ಬೆಂಕಿಪೊಟ್ಟಣ, ಸ್ಟಾಂಪು, ಇಂಥದ್ದನ್ನೆಲ್ಲ ಕೂಡಿಡುತ್ತಾನೆಂದು ಫೇಸ್‌ಬುಕ್ಕಿನಲ್ಲಿ ನೋಡಿ, ಹರಿಪ್ರಸಾದ್ ಅವನ ಬೆನ್ನು ಹತ್ತಿದ್ದ.

"ನಮ್ಮದು ಎಲ್ಲಿ ಹೋಯ್ತು ಅಪ್ಪ?" ಯಶಸ್ವಿ ಕೇಳಿದಳು.

ಉತ್ತರ ಜತ್ತಪ್ಪನಿಂದ ಬಂತು. "ನಿನ್ನ ಚಿಕ್ಕಪ್ಪನ ಒಟ್ಟಿಗೇ ಇಟ್ಟೆವು. ಮಣ್ಣಿಗೆ."

ಹರಿಪ್ರಸಾದ್ ಕಾರ್ಡುಗಳನ್ನು ಕಲಸತೊಡಗಿದ. "ಬಾ, ಆಟ ಹೇಳಿಕೊಡ್ತೇನೆ. ಒಂದು ತೆಗಿ. ಓಟ ಎಷ್ಟು?"

"ಅರುವತ್ತನಾಲ್ಕು."

"ನನ್ನದು ನೂರ ಹತ್ತು! ಚೀತಾ! ಕೊಡು ಇಲ್ಲಿ." ನಲವತ್ತರ ಹತ್ತಿರದ ಗಂಡಸು ಸಣ್ಣ ಹುಡುಗನಂತೆ ಮೇಜು ಕುಟ್ಟಿದ. "ಈಗಿನ ಡಬ್ಬಿಯಲ್ಲಿ ಎಂತ ಉಂಟು, ಮಣ್ಣು. ಬರೀ ತಿನ್ನಲಿಕ್ಕೆ."

"ಅದು ತಿನ್ನಲಿಕ್ಕೇ ಅಲ್ವಾ ಅಪ್ಪ?"

"ನಿನಗೆ ಗೊತ್ತಿಲ್ಲ. ಡಬ್ಬಿ ಖಾಲಿ ಆದ್ರೆ ಮಾತ್ರ ಅಜ್ಜ ಇನ್ನೊಂದು ತರ್ತಿದ್ದದ್ದು. ಹೊಸ ಕಾರ್ಡು ಬೇಕಲ್ಲ? ಹಾಗೆ ನಾವು ಖಾಲಿ ಮಾಡುದು."

"ತಿಂದು ತಿಂದಾ?"

"ಯಾರು ತಿನ್ನುದು ಮಾರಾಯ್ತಿ ಅದನ್ನು! ನಿನ್ನ ಚಿಕ್ಕಪ್ಪ ಒಂದು ಚಮಚ ಬಾಯಿಗಿಟ್ರೆ ಓಕರಿಸ್ತಿದ್ದ. ನೆನೆದ ಪೇಪರಿನ ಹಾಗೆ ಉಂಟು ಅಂತ. ಸ್ವಲ್ಪ ನಾನು ತಿಂತಿದ್ದೆ, ಉಳಿದದ್ದು ಹಿಂದಿನ ಬಾಗಿಲಿಂದ ಕೋಳಿಗಳಿಗೆ. ಅವ ಮಲಗಿದ್ದಲ್ಲಿಂದಲೇ ಹೇಳುದು, ಅಣ್ಣ, ಕೆಂಪು ಹುಂಜನಿಗೆ ಹಾಕು, ಅದು ಬೇಗ ಮುಗಿಸ್ತದೆ ಅಂತ! ಮತ್ತೆ ಅವ್ವ ಬರುವಾಗ ತುಟಿಗೆ ಹಾಲು ಸವರಿಕೊಂಡು ಕೂರುದು. ಎಂತಾ ನಾಟಕ ಗೊತ್ತುಂಟಾ!"

ಯಶಸ್ವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹರಿಪ್ರಸಾದನೂ ನಕ್ಕ, ನಗುತ್ತ ನಗುತ್ತ ಕಣ್ಣೊರೆಸಿಕೊಂಡ. ಚಹಾದ ಲೋಟ ಹಿಡಿದು ನಿಂತಿದ್ದ ಭವಿತಾಳಿಗೆ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕಂಡಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಹರೀ, ಎಂತ ಹೇಳಿದ್ದು ನೀನು?"

"ಹಳೆ ಕಥೆ ಅವ್ವ. ಸುಮ್ಮನೆ."

"ಹುಂಜನಿಗೆ ಹಾಕ್ತಿದ್ರಾ?"

ಅವನ ನಗು ನಿಂತಿತು.

"ಬಟ್ಟಲು ಖಾಲಿ ಇರ್ತಿತ್ತು," ಪೂವಮ್ಮ ಹೇಳಿದಳು. "ನಾನೇ ತೊಳೀಲಿಕ್ಕೆ ತಕೊಂಡು ಹೋಗ್ತಿದ್ದದ್ದು. ಖಾಲಿ ಇರ್ತಿತ್ತು."

ಅಷ್ಟು ಹೇಳಿ ಅವಳು ಒಳಗೆ ಹೋದಳು. ಅಂದು ಸಾರಿಗೆ ಉಪ್ಪು ಎಷ್ಟು ಹಾಕಬೇಕೆಂದು ಹೇಳುವವರೂ ಇರಲಿಲ್ಲ.

ಮರುದಿನ ಆದಿತ್ಯವಾರ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತರು. ಪೂವಮ್ಮ ಬಟ್ಟಲ ಮುಂದೆ ಕುಳಿತಳು, ಎಡಗೈಯಲ್ಲಿ ಚಮಚ ಹಿಡಿಯಲಿಲ್ಲ.

"ಅತ್ತೆ, ನಾನು ಕಲಸಿ ಕೊಡ್ಲಾ?"

"ಬೇಡ." ಅವಳು ಗಂಡನ ಕಡೆ ತಿರುಗಿದಳು. "ಹಾಗಾದ್ರೆ ಜ್ವರದಲ್ಲಿ ಮಲಗಿದ್ದ ಆ ಮೂರು ತಿಂಗಳು ಅವ ಎಂತ ತಿಂತಿದ್ದ?"

"ಗಂಜಿ ಕುಡೀತಿದ್ದ. ನೀನೇ ಕುಡಿಸ್ತಿದ್ದಿ."

"ಎಲ್ಲಿ ಕುಡಿಸ್ತಿದ್ದೆ? ಒಂದು ಬಟ್ಟಲು ಡಬ್ಬಿ ಅವಲಕ್ಕಿ ತಿಂದಿದ್ದಾನಲ್ಲ, ಹೊಟ್ಟೆ ತುಂಬಿರ್ತದೆ, ಒತ್ತಾಯ ಮಾಡುದು ಬೇಡ ಅಂತ ನಾನೇ ಬಿಡ್ತಿದ್ದೆ."

"ಅವ್ವ, ನನಗಾಗ ಹದಿಮೂರು ವರ್ಷ," ಹರಿಪ್ರಸಾದ್ ಹೇಳಿದ. "ಎಂತ ಗೊತ್ತಾಗ್ತದೆ?"

"ಈಗ ಎಷ್ಟು ನಿನಗೆ? ಪ್ರತಿ ವರ್ಷ ಅವನ ಎಲೆಗೆ ನಾನು ಅದನ್ನೇ ಇಡುವಾಗ ನೀನು ಪಕ್ಕದಲ್ಲಿ ನಿಂತು ನೋಡ್ತಿದ್ದಿ. ಬಾಯಿ ಇರ್ಲಿಲ್ವಾ?"

"ಅವ ಡಬ್ಬಿಗೆ ಕಾಯ್ತಿದ್ದನಲ್ಲ, ಅದಕ್ಕೆ ನೀವು ಇಡುದು ಅಂತ ನಾನು ಎಣಿಸಿದ್ದು. ತಿನ್ನುದರ ಬಗ್ಗೆ ಎಣಿಸಲೇ ಇಲ್ಲ. ಸತ್ಯವಾಗಿ ಅವ್ವ."

"ಸತ್ತವನಿಗೆ ಅವನಿಗಾಗದ್ದನ್ನೇ ಬಡಿಸಿದೆ, ಇಷ್ಟು ವರ್ಷ."

ಜತ್ತಪ್ಪ ಬಟ್ಟಲು ದೂಡಿದ. "ಸಾಕು ಮಾರಾಯ್ತಿ. ಹೋದವನ ಊಟಕ್ಕೆ ಇದ್ದವರು ಉಪವಾಸ ಕೂರುದಾ?"

"ನೀವು ಉಣ್ಣಿ. ನೀವು ಆಗ್ಲೂ ಬಸ್ಸಿನಲ್ಲಿ ಇದ್ರಿ. ನಿಮಗೆಂತ?"

"ನನಗೆಂತವಾ?" ಜತ್ತಪ್ಪನ ಸ್ವರ ಏರಿತು. "ಡ್ಯೂಟಿ ಮುಗಿಸಿ ಅಂಗಡಿಯಿಂದ ಅಂಗಡಿಗೆ ಹುಡುಕಿ ತರ್ತಿದ್ದದ್ದು ಯಾರು? ಡ್ರೈವರ್ ಧರ್ಮಪಾಲನಿಗೆ ಹೇಳ್ತಿದ್ದೆ, ನನ್ನ ಸಣ್ಣವ ವಾರಕ್ಕೊಂದು ಡಬ್ಬಿ ಮುಗಿಸ್ತಾನೆ, ಇನ್ನು ಹೆದರ್ಲಿಕ್ಕಿಲ್ಲ ಅಂತ. ಅವ ಚಹಾ ಕುಡಿಸಿದ್ದ ಅದಕ್ಕೆ." ಅರ್ಧ ಊಟದಲ್ಲೇ ಕೈ ತೊಳೆದು ಅವನು ಅಂಗಡಿಗೆ ಹೋದ. ಆದಿತ್ಯವಾರ ಅಂಗಡಿಗೆ ರಜೆ. ಮುಚ್ಚಿದ ಷಟರಿನ ಎದುರೇ ಕುಳಿತ.

ಆ ವಾರ ಮನೆಯಲ್ಲಿ ಕಾರ್ನ್ ಫ್ಲೇಕ್ಸ್ ಡಬ್ಬಿಯನ್ನು ಯಾರೂ ಮುಟ್ಟಲಿಲ್ಲ. ಬೆಳಗ್ಗೆ ಇನ್ನೂ ಬೇಗ ಎದ್ದು ಭವಿತಾ ದೋಸೆ ಹೊಯ್ದಳು. ಪೂವಮ್ಮ ಮಗನೊಡನೆ ಮಾತು ಬಿಟ್ಟಳು. ಮೊಮ್ಮಗಳ ಎದುರು ಕೂರುವುದನ್ನು ಮಾತ್ರ ಬಿಡಲಿಲ್ಲ. ಆದರೆ ಈಗ ಕಥೆ ಹೇಳುತ್ತಿರಲಿಲ್ಲ.

"ನುಂಗಿದೆಯಾ?"

"ನುಂಗಿದೆ ಅಜ್ಜಿ."

"ಬಾಯಿ ತೆರಿ, ನೋಡುವ."

ಯಶಸ್ವಿ ಸ್ಕೂಲಿನ ಬ್ಯಾಗು ಏರಿಸಿಕೊಳ್ಳುತ್ತ ಅಮ್ಮನ ಕಿವಿಯಲ್ಲಿ ಹೇಳಿದಳು, "ಅಜ್ಜಿ ನನ್ನ ಗಂಟಲನ್ನೇ ನೋಡ್ತಾರಮ್ಮ. ನನಗೆ ಇಳಿಯುದೇ ಇಲ್ಲ."

"ಸ್ವಲ್ಪ ದಿನ ಮಗಾ," ಭವಿತಾ ಹೇಳಿದಳು. ಎಷ್ಟು ದಿನ ಎಂದು ಅವಳಿಗೂ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಕುಳಿತರೂ ಅವಳಿಗೆ ಮನೆಯದ್ದೇ ಯೋಚನೆ. ಆಟಿ ಮುಗಿಯುವುದರೊಳಗೆ ಬಡಿಸಬೇಕು. ಈ ಸಲ ಅಡುಗೆ ಅವಳದ್ದು. ಆ ಕೊನೆಯ ಎಲೆಗೆ ಏನು ಮಾಡಬೇಕು? ಕೇಳದೆ ಮಾಡಿದರೆ ತಪ್ಪು, ಕೇಳಿದರೂ ಏನಾಗುತ್ತದೋ.

ಕೊನೆಗೆ ಒಂದು ಸಂಜೆ ತೆಂಗಿನಕಾಯಿ ತುರಿಯುತ್ತ ಕೇಳಿಯೇಬಿಟ್ಟಳು.

"ಅತ್ತೆ, ಬರುವ ಆದಿತ್ಯವಾರ ಬಡಿಸುದಲ್ವಾ. ರಕ್ಷಿತನಿಗೆ ಎಂತ ಮಾಡ್ಲಿ?"

ಪೂವಮ್ಮ ತುಂಬ ಹೊತ್ತು ಯೋಚಿಸಿದಳು. "ಪತ್ರೊಡೆ ಮಾಡು."

ಚಾವಡಿಯಿಂದ ಜತ್ತಪ್ಪ ಹೇಳಿದ, "ಪತ್ರೊಡೆ ಹರಿಗೆ. ಸಣ್ಣವ ಕೆಸುವಿನ ಎಲೆ ಗಂಟಲು ತುರಿಸ್ತದೆ ಅಂತ ಮುಟ್ತಿರ್ಲಿಲ್ಲ."

"ಹಾಗಾದ್ರೆ ಹಲಸಿನ ಗಟ್ಟಿ."

"ಅದೂ ಹರಿಗೇ. ಅಂಗಡಿಯಲ್ಲಿ ಕೂತು ಈಗ್ಲೂ ಕೇಳ್ತಾನಲ್ಲ."

ಕೈಯ ಎಣ್ಣೆಮಸಿ ತೊಳೆಯಲು ಹಿಂಬಾಗಿಲಿಗೆ ಬಂದಿದ್ದ ಹರಿಪ್ರಸಾದ್ ಅಲ್ಲಿಂದಲೇ ಮೆಲ್ಲನೆ ಹೇಳಿದ, "ಮೊಟ್ಟೆ?"

ಪೂವಮ್ಮ ಅವನತ್ತ ನೋಡದೆ ಭವಿತಾಳಿಗೆ ಹೇಳಿದಳು, "ಮೊಟ್ಟೆ ಇವನಿಗೆ. ಅವನಿಗೆ ಕೊಡ್ಲೇ ಇಲ್ಲ ನಾವು. ಮೈಗೆ ಆಗುದಿಲ್ಲ ಅಂತ."

"ಎಲ್ಲ ನನಗೇ ಆದ್ರೆ ಅವನಿಗೆ ಎಂತ ಇಷ್ಟ ಇತ್ತು?" ಹರಿಪ್ರಸಾದ್ ಕೇಳಿದ. ಸಿಟ್ಟಿನಲ್ಲಿ ಕೇಳಿದ್ದಲ್ಲ, ಅವನಿಗೆ ನಿಜವಾಗಿ ತಿಳಿಯಬೇಕಿತ್ತು.

ಯಾರಿಗೂ ನೆನಪಾಗಲಿಲ್ಲ. ಅವನು ಎಡಮಗ್ಗುಲಿಗೇ ಮಲಗುತ್ತಿದ್ದದ್ದು ನೆನಪಿತ್ತು. ಲಾರಿಯ ಹಾರ್ನಿಗೆ ಹೆದರಿ ಕಿವಿ ಮುಚ್ಚಿಕೊಳ್ಳುತ್ತಿದ್ದದ್ದು, ಕೊನೆಯವರೆಗೂ ಸಿಗದ ಕಾರ್ಡು ಘೇಂಡಾಮೃಗದ್ದೆಂಬುದು, ಜೀಬ್ರಾದ ಕಾರ್ಡನ್ನು ಅವನು ಯಾರಿಗೂ ಕೊಡದೆ ತಲೆದಿಂಬಿನ ಅಡಿಯಲ್ಲಿ ಇಡುತ್ತಿದ್ದದ್ದು ನೆನಪಿತ್ತು. ಅವನ ಬಾಯಿರುಚಿ ಮಾತ್ರ ಮೂವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

"ಐಸಮ್ಮನಿಗೆ ಗೊತ್ತಿರ್ತದೆ," ಪೂವಮ್ಮ ಒಮ್ಮೆಲೇ ಹೇಳಿದಳು.

ಐಸಮ್ಮನ ಮನೆ ರಸ್ತೆಯಾಚೆ. ಅವಳ ಗಂಡ ಆದಂ ಕುಂಞಿ ಇದ್ದಾಗ ಅದು ಜಿನಸಿನ ಅಂಗಡಿಯೂ ಹೌದು. ಹರಿಪ್ರಸಾದ್, ರಕ್ಷಿತ್ ಇಬ್ಬರೂ ಅದರ ಅಂಗಳದಲ್ಲಿ ಆಡಿದವರು. ಭವಿತಾ ಕೊಡೆ ಹಿಡಿದು ಅತ್ತೆಯನ್ನು ಕರೆದೊಯ್ದಳು. ಐಸಮ್ಮ ಮಂಚದಲ್ಲಿ ಕುಳಿತಿದ್ದಳು. ಕಣ್ಣು ಮಂಜಾದರೂ ಸ್ವರದಿಂದ ಗುರುತು ಹಿಡಿದಳು.

"ಪೂವಮ್ಮನಾ? ಕೈ ಮುರ್ಕೊಂಡಿ ಅಂತ ನಮ್ಮ ಸೊಸೆ ಶಮೀನಾ ಹೇಳಿದ್ಳು. ಈ ಪ್ರಾಯದಲ್ಲಿ ಡಾನ್ಸ್ ಮಾಡ್ಲಿಕ್ಕೆ ಹೋದದ್ದಾ?"

"ಹೌದು, ನಿಮ್ಮನ್ನು ಕರೀಲಿಕ್ಕೆ ಬಂದದ್ದು." ಎಷ್ಟೋ ದಿನಗಳ ಮೇಲೆ ಪೂವಮ್ಮನ ತುಟಿ ಸಡಿಲಾಯಿತು. "ಐಸಮ್ಮ, ನಮ್ಮ ಸಣ್ಣವ ನಿಮ್ಮಲ್ಲಿಗೆ ಬಂದ್ರೆ ಎಂತ ತಿಂತಿದ್ದ? ನೆನಪುಂಟಾ?"

"ನೆನಪಿಲ್ದೆ! ಪತ್ತಿರ್, ನಮ್ಮ ಅಕ್ಕಿರೊಟ್ಟಿ. ತೆಂಗಿನಹಾಲಿನಲ್ಲಿ ಮುಳುಗಿಸಿ ನಾಲ್ಕು ತಿಂದು, ಐಸಮ್ಮ ಇನ್ನೊಂದು ಅಂತ ಕೈ ಚಾಚುದು."

ಪೂವಮ್ಮ ಸೊಸೆಯ ಮೊಣಕೈ ಹಿಡಿದಳು. "ನಾಲ್ಕು ತಿಂತಿದ್ನಾ?"

"ತಿಂದು ಅದೇ ಕೈಯಲ್ಲಿ ಸೈಕಲ್ ಹತ್ತಿ ಓಡುದು. ಹ್ಯಾಂಡಲಿಡೀ ಹಾಲು."

"ಸೈಕಲಾ?"

 ರಕ್ಷಿತ್ ಸೈಕಲ್ ಕಲಿಯುವಷ್ಟು ದಿನ ಇರಲಿಲ್ಲ.

"ಹೌದಲ್ಲ. ಅದು ದೊಡ್ಡವ," ಐಸಮ್ಮ ತಡೆದು ತಡೆದು ಹೇಳಿದಳು. "ಸಣ್ಣವ ಒಳಗೆ ಬರ್ತಿರ್ಲಿಲ್ಲ. ಬಾಗಿಲಲ್ಲಿ ನಿಂತು ಚಿತ್ರ ತೋರಿಸ್ತಿದ್ದ, ಕುದುರೆಗೆ ಗೆರೆ ಎಳೆದ ಹಾಗಿನದ್ದು. ಅವ ತಿಂದದ್ದು ನಾನು ನೋಡ್ಲಿಲ್ಲ ಪೂವಮ್ಮ. ಸುಳ್ಳು ಯಾಕೆ ಹೇಳುದು?"

ಹಿಂದಿರುಗುವಾಗ ರಸ್ತೆಯಂಚಿನಲ್ಲಿ ಲಾರಿಗಳು ದಾಟಲೆಂದು ಇಬ್ಬರೂ ನಿಂತರು.

"ಒಂದು ಸುಳ್ಳು ಹೇಳಿದ್ರೆ ಅವಳಿಗೆ ಎಂತ ಆಗ್ತಿತ್ತು?" ಪೂವಮ್ಮ ಹೇಳಿದಳು.

"ಅತ್ತೆ, ಅವ ಹೋದದ್ದು ಜ್ವರದಲ್ಲಿ. ಡಾಕ್ಟ್ರು ಹೇಳಿದ್ದಾರಲ್ಲ."

"ಡಾಕ್ಟ್ರು ಹೇಳಿದ್ದು, ಹೊಟ್ಟೆಗೆ ತಕೊಂಡ್ರೆ ತಡಕೊಳ್ತಾನೆ ಅಂತ."

ಭವಿತಾ ಕೊಡೆಯನ್ನು ಅತ್ತೆಯ ಕಡೆಗೆ ಇನ್ನಷ್ಟು ವಾಲಿಸಿದಳು.

ಆದಿತ್ಯವಾರ ಬೆಳಗ್ಗಿನಿಂದಲೇ ಭವಿತಾ ಒಲೆಯ ಮುಂದಿದ್ದಳು. ಕೋಳಿ ಬೆಂದಿತು, ಒಣಮೀನು ಸುಟ್ಟದ್ದಾಯಿತು. ಕೊನೆಯ ಎಲೆಗೆ ಏನೆಂದು ಪೂವಮ್ಮ ಅಲ್ಲಿಯವರೆಗೂ ಹೇಳಿರಲಿಲ್ಲ. ಎಲೆ ಹಾಕುವ ಹೊತ್ತಿಗೆ ಹೇಳಿದಳು.

"ಗಂಜಿ ಮಾಡು. ಅಕ್ಕಿ ಚೆನ್ನಾಗಿ ಬೇಯ್ಲಿ. ಸ್ವಲ್ಪ ತುಪ್ಪ ಬಿಡು. ಉಪ್ಪಿನಕಾಯಿ ಇಡ್ಬೇಡ, ಖಾರ ಆಗ್ತದೆ ಅವನಿಗೆ."

ಹರಿಪ್ರಸಾದ್ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ಬಂದ. ಕೈಯಲ್ಲಿ ಕಾರ್ಡುಗಳಿದ್ದವು. ಬಗ್ಗಿ, ಜೀಬ್ರಾವನ್ನು ಮೇಲೆ ಬರುವಂತೆ ಜೋಡಿಸಿ ಸಣ್ಣ ಎಲೆಯ ಪಕ್ಕದಲ್ಲಿ ಇಡಲು ಹೊರಟ.

"ಅದು ಈಗ ಬೇಡ," ಪೂವಮ್ಮ ಹೇಳಿದಳು. ಇಷ್ಟು ದಿನಗಳಲ್ಲಿ ಮಗನೊಡನೆ ಆಡಿದ ಮೊದಲ ಮಾತು.

"ಅವ್ವ, ಇದು ಅವನಿಗೆ ಇಷ್ಟ. ಇದೊಂದು ನಮಗೆ ಗೊತ್ತುಂಟಲ್ಲ."

"ಗೊತ್ತುಂಟು. ಇದನ್ನು ಕಂಡ್ರೆ ಅವ ಬಟ್ಟಲು ಮುಟ್ಟುದಿಲ್ಲ. ಮೊದಲು ಉಣ್ಲಿ. ಮತ್ತೆ ಕೊಡುವ."

ಹರಿಪ್ರಸಾದ್ ಕಾರ್ಡುಗಳನ್ನು ಹಿಂದಕ್ಕೆ ತೆಗೆದುಕೊಂಡ.

ಜತ್ತಪ್ಪ ದೀಪ ಹಚ್ಚಿ, ಒಬ್ಬೊಬ್ಬರ ಹೆಸರು ಹೇಳಿ ಕರೆದು, ಬಂದು ಉಂಡು ಮಕ್ಕಳುಮರಿಯನ್ನು ಕಾಯಿರಿ ಎಂದು ಕೈಮುಗಿದ. ಇನ್ನು ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕಬೇಕು. ಇದ್ದವರ ಕಣ್ಣೆದುರು ಹೋದವರು ಉಣ್ಣುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ ಬಾಗಿಲು ತೆರೆಯುವುದು ಕ್ರಮ. ಎಲ್ಲರೂ ಜಗಲಿಗೆ ಇಳಿದರು. ಪೂವಮ್ಮ ಸಣ್ಣ ಎಲೆಯ ಮುಂದೆ ಕುಳಿತವಳು ಏಳಲಿಲ್ಲ.

"ಬಾ ಹೊರಗೆ," ಜತ್ತಪ್ಪ ಕರೆದ.

"ನೀವು ಹೋಗಿ. ನಾನು ಇಲ್ಲೇ ಇರ್ತೇನೆ."

"ಮರ್ಲಾ, ಹುಚ್ಚಾ ನಿನಗೆ? ನೀನು ಕೂತ್ರೆ ಅವ ಬರುದಿಲ್ಲ."

"ಹಿಂದೆ ನೋಡದೆ ಬಿಟ್ಟೆ. ಬಟ್ಟಲು ಖಾಲಿ ಆದದ್ದು ಕಂಡು ನಂಬಿದೆ. ಈ ಸಲ ತಿಂತಾನಾ ಇಲ್ವಾ ಅಂತ ನೋಡ್ತೇನೆ."

"ನನ್ನ ಅಪ್ಪ ಅಮ್ಮನ ಎಲೆಯೂ ಉಂಟಲ್ಲ ಇಲ್ಲಿ! ಅವರೂ ಹಸಿದು ಹೋಗ್ಬೇಕಾ ನಿನ್ನಿಂದ?"

"ಹಾಗಾದ್ರೆ ಅವನದ್ದು ಅಡುಗೆಮನೆಗೆ ಹೋಗ್ಲಿ. ಭವಿತಾ, ಎಲೆ ತಕೋ."

ಭವಿತಾ ಮಾವನ ಮುಖ ನೋಡಿದಳು. ಹಾಕಿದ ಎಲೆಯನ್ನು ಎತ್ತಬಾರದು. ಜತ್ತಪ್ಪ ರಸ್ತೆಯ ಕಡೆ ತಿರುಗಿದ. ಅವಳು ಗಂಜಿಯ ಬಟ್ಟಲಿನ ಸಮೇತ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿ ಅಡುಗೆಮನೆಯ ನೆಲದ ಮೇಲಿಟ್ಟಳು. ಪೂವಮ್ಮ ಗೋಡೆ ಹಿಡಿದು ಬಂದು ಅದರ ಮುಂದೆ ಕುಳಿತು, ಬಾಗಿಲು ಎಳೆದುಕೋ ಎಂದಳು.

ಜಗಲಿಯಲ್ಲಿ ಎಲ್ಲರೂ ನಿಂತರು. ಅಡುಗೆಮನೆಯ ಕಿಟಕಿಯಿಂದ ಸಣ್ಣಗೆ ಸ್ವರ ಕೇಳುತ್ತಿತ್ತು.

"ಬಾ ಮಗಾ. ಬಿಸಿ ಆರಿದೆ. ಒಂದು ತುತ್ತು. ಇದೊಂದೇ ತುತ್ತು."

ಯಶಸ್ವಿ ಅಪ್ಪನ ಪಂಚೆ ಜಗ್ಗಿದಳು. "ಚಿಕ್ಕಪ್ಪ ಬಂದ್ರಾ?"

ಹರಿಪ್ರಸಾದ್ ಅವಳ ತಲೆಯ ಮೇಲೆ ಕೈ ಇಟ್ಟ. ಇನ್ನೊಂದು ಕೈಯಲ್ಲಿ ಕಾರ್ಡುಗಳು ಬೆವರಿಗೆ ಒಂದಕ್ಕೊಂದು ಅಂಟಿದ್ದವು.

ಹೊತ್ತಾದ ಮೇಲೆ ಜತ್ತಪ್ಪ ಕೆಮ್ಮಿ ಚಾವಡಿಯ ಬಾಗಿಲು ತೆರೆದ. ದೊಡ್ಡ ಎಲೆಗಳ ಅನ್ನವನ್ನು ಹೊರಗೆ ಇಟ್ಟದ್ದಾಯಿತು, ಕಾಗೆಗಳು ಬಂದದ್ದೂ ಆಯಿತು. ಕೋಳಿ ಸುಕ್ಕ ಆರಿತು. ಮಗುವಿಗೆ ಹಸಿವಾಯಿತು. ಭವಿತಾ ಅಡುಗೆಮನೆಯ ಬಾಗಿಲಿಗೆ ಬಂದು ಮೆಲ್ಲನೆ ತಟ್ಟಿದಳು.

"ಅತ್ತೆ, ಆಯ್ತಾ? ತೆರೀಲಾ?"

ಒಳಗೆ ಚಮಚ ಬಟ್ಟಲಿಗೆ ತಾಗಿದ ಸದ್ದು.

"ನಿಲ್ಲು ಸ್ವಲ್ಪ," ಪೂವಮ್ಮ ಹೇಳಿದಳು. "ಅವ ಇನ್ನೂ ಬಾಯಿ ತೆರೀಲಿಲ್ಲ."